ಕರಾವಳಿ ಇಲ್ಲದ ಕೊಡಗಿಗೆ ಸಮುದ್ರದ ಉಸಾಬರಿ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಹತ್ರ ಬಂತು ಅಂದ್ರೆ ಕೊಡಗಿನಲ್ಲಿ ಮನೆಗೊಬ್ಬ ಹವಾಮಾನ ತಜ್ಞ ಎದ್ದು ಕೂರ್ತಾನೆ. ತಪ್ಪೇನಿಲ್ಲ, ಅಂಗಳದಲ್ಲಿ ಮಳೆ ಅಳೆಯೋ ಡಬ್ಬ ಇಟ್ಟು ಅಜ್ಜನ ಕಾಲದಿಂದ ಇಂಚು-ಸೆಂಟಲ್ಲಿ (ನೂರು ಸೆಂಟು ಅಂದ್ರೆ ಒಂದು ಇಂಚು) ಡೈರಿ ಬರೆದಿಟ್ಟ ಊರು ಇದು. ಆದ್ರೆ ನಾವು ನೋಡೋದೆಲ್ಲ ತಲೆ ಮೇಲಿನ ಮೋಡ, ಆ ಮೋಡ ಹೊರಟು ಬಂದ ಜಾಗದ ಬಗ್ಗೆ ಮಾತಾಡೋದು ಕಮ್ಮಿ. ತೋಟದವರು, ಕಾಲೇಜು ಮಕ್ಕಳು, ಸಂತೆಯಲ್ಲಿ ಮೀನಿಗೆ ನಿಂತವರು ಮತ್ತೆ ಮತ್ತೆ ಕೇಳೋದನ್ನ ಇಲ್ಲಿ ಒಟ್ಟಿಗೆ ಹಾಕಿದೀನಿ. ಕೆಲವು ಉತ್ತರ ಉದ್ದ ಉಂಟು, ಕಾಫಿ ಇಟ್ಕೊಂಡೇ ಓದಿ.

ನಮ್ಮದು ಗುಡ್ಡ, ಸಮುದ್ರಕ್ಕೂ ನಮಗೂ ಎಂತ ಸಂಬಂಧ ಮಾರಾಯ್ರೆ?

ಮ್ಯಾಪ್ ತೆಗೆದು ತಲಕಾವೇರಿಯಿಂದ ನೆಟ್ಟಗೆ ಪಶ್ಚಿಮಕ್ಕೆ ಒಂದು ಗೆರೆ ಎಳೀರಿ. ಕಾಞಂಗಾಡ್ ಹತ್ರ ಅರಬ್ಬಿ ಸಮುದ್ರ ಮುಟ್ತದೆ, 50 ಕಿಲೋಮೀಟರೂ ಇಲ್ಲ, ನೇರ ಗೆರೆ ಲೆಕ್ಕದಲ್ಲಿ ಹೆಚ್ಚುಕಮ್ಮಿ ಕುಶಾಲನಗರದಷ್ಟೇ ದೂರ. ಇಷ್ಟು ಹತ್ರ ಸಮುದ್ರ ಇದ್ರೂ ಕಾವೇರಮ್ಮ ಅದಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟು ಸುಮಾರು 800 ಕಿಲೋಮೀಟರ್ ನಡೆದು ಪೂಂಪುಹಾರ್ ಹತ್ರ ಬಂಗಾಳ ಕೊಲ್ಲಿ ಸೇರ್ತಾಳೆ. ಅದೇ ಬೆಟ್ಟ ಸಾಲಿನ ಪಶ್ಚಿಮ ಬದಿಯ ಪಯಸ್ವಿನಿ, ಬರಪೊಳೆ ಮಾತ್ರ ಕೇರಳಕ್ಕಿಳಿದು ಅರಬ್ಬಿ ಸಮುದ್ರಕ್ಕೇ ಹೋಗ್ತವೆ. ಅಂದ್ರೆ ನಮ್ಮ ಒಂದು ಬೆಟ್ಟದ ಏಣಿನ ಮೇಲೆ ಬಿದ್ದ ಮಳೆ ಎರಡು ಬೇರೆ ಬೇರೆ ಸಮುದ್ರಕ್ಕೆ ಪಾಲಾಗ್ತದೆ. ಬರುವಾಗಲೂ ಸಮುದ್ರದಿಂದಲೇ ಬಂದದ್ದು. ಭೂಮಿ ಮೇಲ್ಮೈಯಲ್ಲಿ 71% ಸಮುದ್ರ, ಭೂಮಿಯ ಒಟ್ಟು ನೀರಲ್ಲಿ 97% ಹತ್ರ ಅಲ್ಲೇ ಇರೋದು. ಉಳಿದ ಚೂರಲ್ಲೂ ಹೆಚ್ಚಿನದ್ದು ಹಿಮ, ಅಂತರ್ಜಲ. ನಮ್ಮ ಹೊಳೆ-ತೋಡಿಗೆ ಬರೋದು ಲೆಕ್ಕಕ್ಕೇ ಸಿಗದಷ್ಟು.

ಜೂನಲ್ಲಿ ನಮ್ಮ ಮೇಲೆ ಸುರಿಯೋ ನೀರು ನಿಜವಾಗಿ ಎಲ್ಲಿಯದ್ದು?

ಅರಬ್ಬಿ ಸಮುದ್ರದ್ದು ಅಂತ ಶಾಲೆಯಲ್ಲಿ ಓದಿದ್ದು ಅರ್ಧ ಸರಿ. ಕಥೆ ಶುರುವಾಗೋದು ಸಮಭಾಜಕ ವೃತ್ತದ ಆಚೆ, ಮಡಗಾಸ್ಕರ್‌ಗೂ ಪೂರ್ವಕ್ಕೆ ಮ್ಯಾಸ್ಕರೀನ್ ದ್ವೀಪಗಳ ಕಡೆ. ನಮಗೆ ಬೇಸಿಗೆ ಮುಗಿಯೋ ಹೊತ್ತಿಗೆ ಅಲ್ಲಿ ಚಳಿಗಾಲ, ಗಾಳಿ ತಣ್ಣಗಾಗಿ ಭಾರವಾಗಿ ಕೆಳಗಿಳಿದು ಒತ್ತಡ ಜಾಸ್ತಿ ಆಗಿರ್ತದೆ. ಇತ್ತ ಉತ್ತರ ಭಾರತ, ಪಾಕಿಸ್ತಾನದ ನೆಲ ಮೇ ತಿಂಗಳಲ್ಲಿ ಕಾದು ಕಾದು ಒತ್ತಡ ಬಿದ್ದುಹೋಗಿರ್ತದೆ. ನೆಲ ಬೇಗ ಕಾಯ್ತದೆ ನೀರು ನಿಧಾನ, ಇದಕ್ಕೆ ದೊಡ್ಡ ಸಾಕ್ಷಿ ಬೇಡ, ಮಾರ್ಚ್ ಮಧ್ಯಾಹ್ನ ಸಿಮೆಂಟ್ ಕಣದಲ್ಲಿ ಬರಿಗಾಲು ಇಡೋಕಾಗಲ್ಲ ಆದ್ರೆ ಪಕ್ಕದ ಕೆರೆಗೆ ಇಳಿದ್ರೆ ನೀರು ತಣ್ಣಗೇ ಇರ್ತದೆ. ಒಂದೇ ತೂಕದ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಕಲ್ಲು-ಮಣ್ಣಿಗಿಂತ ನಾಲ್ಕೈದು ಪಟ್ಟು ಶಾಖ ಬೇಕು, ಭೂಮಿಯ ಹವಾಮಾನ ಒಂದೇ ಸಲ ಹುಚ್ಚುಹುಚ್ಚಾಗಿ ಏರಿಳಿಯದೆ ಇರೋದಕ್ಕೆ ದೊಡ್ಡ ಕಾರಣ ಇದೇ.

ಹಾಗಾಗಿ ಗಾಳಿ ದಕ್ಷಿಣದ ಹೆಚ್ಚು ಒತ್ತಡದಿಂದ ಉತ್ತರದ ಕಮ್ಮಿ ಒತ್ತಡಕ್ಕೆ ಹೊರಡ್ತದೆ. ಕೀನ್ಯಾ ಕರಾವಳಿ ಹತ್ರ ಸಮಭಾಜಕ ದಾಟುವಾಗ ಆಫ್ರಿಕಾದ ಎತ್ತರದ ಬೆಟ್ಟಗಳು ಅಡ್ಡ ನಿಲ್ತವೆ, ಭೂಮಿ ತಿರುಗೋದ್ರಿಂದ ಗಾಳಿಯ ದಿಕ್ಕು ಬಲಕ್ಕೆ ಬಾಗ್ತದೆ, ಎಲ್ಲ ಸೇರಿ ಒಂದು ಕಿರಿದಾದ ಜೋರು ಗಾಳಿ ಹೊಳೆ ಆಗಿ ಸೋಮಾಲಿಯಾ ಬದಿಯಿಂದ ನಮ್ಮ ಕಡೆ ನುಗ್ಗುತ್ತದೆ. ಇದಕ್ಕೆ ಸೋಮಾಲಿ ಜೆಟ್ ಅಂತಾರೆ. ಇದು ಅತಿ ಜೋರಾಗಿ ಬೀಸೋದು ನೆಲದಿಂದ ಸುಮಾರು ಒಂದು-ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಅಂದ್ರೆ ಸರಿಯಾಗಿ ನಮ್ಮ ಮಡಿಕೇರಿಯ ಎತ್ತರದಲ್ಲೇ! ಜುಲೈಯಲ್ಲಿ ರಾಜಾಸೀಟಲ್ಲಿ ಕೊಡೆ ಉಲ್ಟಾ ಆದ್ರೆ ಬೈಯೋಕೆ ಸರಿಯಾದ ವಿಳಾಸ ಇದು.

ಈ ಗಾಳಿ ಸಾವಿರಾರು ಕಿಲೋಮೀಟರ್ ನೀರಿನ ಮೇಲೆ ಬರುವಾಗ ದಾರಿಯುದ್ದಕ್ಕೂ ಆವಿ ತುಂಬ್ಕೊಳ್ತದೆ, ದಕ್ಷಿಣ ಹಿಂದೂ ಮಹಾಸಾಗರದ್ದೂ ಅರಬ್ಬಿ ಸಮುದ್ರದ್ದೂ. ಅಲೆ ಒಡೆದಾಗ ಹಾರಿದ ಹನಿ ಒಣಗಿ ಉಳಿದ ಉಪ್ಪಿನ ಕಣ ಕೂಡ ಗಾಳಿಯಲ್ಲೇ ತೇಲ್ತದೆ. ಆವಿಗೆ ಹನಿಯಾಗೋಕೆ ಹಿಡ್ಕೊಳ್ಳೋಕೆ ಒಂದು ಬೀಜ ಬೇಕು, ಧೂಳಾದ್ರೂ ಆಗ್ತದೆ, ಉಪ್ಪಿನ ಕಣ ಸಿಕ್ಕಿದ್ರೆ ಇನ್ನೂ ಒಳ್ಳೇದು. ಹೀಗೆ ಹುಟ್ಟಿದ ಮೋಡದ ಸಣ್ಣ ಹನಿಗಳು ಹತ್ತು ಲಕ್ಷದಷ್ಟು ಸೇರಿದ್ರೆ ಒಂದು ಮಳೆ ಹನಿ.

ಹಾಗಾದ್ರೆ ಮಳೆ ಯಾಕೆ ಉಪ್ಪಾಗಿಲ್ಲ?

ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳೀತದೆ. ಮೇಲೆ ಹೇಳಿದ ಬೀಜದ ಉಪ್ಪು ನಾಲಿಗೆಗೆ ಗೊತ್ತಾಗದಷ್ಟು ಸಣ್ಣದು. ಸಮುದ್ರ ಉಪ್ಪಾಗಿದ್ದಕ್ಕೆ ಕಾರಣ ಕೇಳಿದ್ರೆ ನಮ್ಮ ಹೊಳೆಗಳನ್ನೇ ಹಿಡೀಬೇಕು. ಮಳೆ ನೀರು ಸ್ವಲ್ಪ ಹುಳಿ ಗುಣದ್ದು, ಕಲ್ಲನ್ನ ಕರಗಿಸ್ತದೆ, ಆ ಲವಣ ಹೊಳೆಯಲ್ಲಿ ಸಮುದ್ರಕ್ಕೆ ಹೋಗ್ತದೆ, ನೀರು ಮತ್ತೆ ಆವಿಯಾಗಿ ವಾಪಸ್ ಬರ್ತದೆ ಆದ್ರೆ ಲವಣ ಬರಲ್ಲ. ಕೋಟ್ಯಂತರ ವರ್ಷ ಹೀಗೇ ನಡೆದ್ರೆ ಇನ್ನೇನಾಗ್ತದೆ. ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳಿಂದಲೂ ಸ್ವಲ್ಪ ಸೇರ್ತದೆ, ಇವು ಮೊದಲು ಕಣ್ಣಿಗೆ ಬಿದ್ದದ್ದು 1977ರಲ್ಲಿ ಗ್ಯಾಲಪಗೋಸ್ ಹತ್ರ. ಸರಾಸರಿ ಲೆಕ್ಕ ಒಂದು ಕೆಜಿ ಸಮುದ್ರ ನೀರಿಗೆ 35 ಗ್ರಾಂ ಉಪ್ಪು. ಅರಬ್ಬಿ ಸಮುದ್ರ ಅದಕ್ಕಿಂತ ಸ್ವಲ್ಪ ಜಾಸ್ತಿ ಉಪ್ಪು ಯಾಕಂದ್ರೆ ಅಲ್ಲಿ ಮಳೆಗಿಂತ ಆವಿಯಾಗೋದು ಹೆಚ್ಚು, ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಐರಾವತಿ ಎಲ್ಲ ಬಂದು ಸುರಿಯೋದ್ರಿಂದ ಮೇಲಿನ ಪದರ ಸಪ್ಪೆ. ಈ ಸಪ್ಪೆ ಪದರ ನೆನಪಿಟ್ಕೊಳ್ಳಿ, ಸೈಕ್ಲೋನ್ ವಿಷಯಕ್ಕೆ ಬೇಕಾಗ್ತದೆ.

ಭಾಗಮಂಡಲದಲ್ಲಿ ಅಷ್ಟೊಂದು, ಕುಶಾಲನಗರದಲ್ಲಿ ಏನೂ ಇಲ್ಲದ ಹಾಗೆ. ಒಂದೇ ಜಿಲ್ಲೆ ಅಲ್ವಾ?

ಸಮುದ್ರ ಆವಿ ಕಳಿಸ್ತದೆ ಅಷ್ಟೆ, ಅದನ್ನ ಎಲ್ಲಿ ಇಳಿಸ್ಬೇಕು ಅಂತ ಹೇಳೋದು ಬೆಟ್ಟ. ಗಾಳಿ ಘಟ್ಟಕ್ಕೆ ಬಂದು ಬಡಿದಾಗ ಮೇಲೇರದೆ ಬೇರೆ ದಾರಿ ಇಲ್ಲ, ಮೇಲೇರಿದ್ರೆ ಹಿಗ್ಗಿ ತಣ್ಣಗಾಗ್ತದೆ, ತಣ್ಣಗಿನ ಗಾಳಿ ಅಷ್ಟು ಆವಿ ಹಿಡ್ಕೊಳ್ಳಲ್ಲ, ಸುರಿದುಬಿಡ್ತದೆ. ಭಾಗಮಂಡಲ, ತಲಕಾವೇರಿ, ಪುಷ್ಪಗಿರಿ ಕಡೆ ಮೊದಲ ಪೆಟ್ಟು. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟೋದು ಹೊಸ ಸುದ್ದಿ ಏನಲ್ಲ. ಮಡಿಕೇರಿ ದಾಟಿ ಸುಂಟಿಕೊಪ್ಪ ಬರೋ ಹೊತ್ತಿಗೆ ಗಾಳಿಯ ಜೋಳಿಗೆ ಖಾಲಿ ಆಗ್ತಾ ಬಂದಿರ್ತದೆ, ಕುಶಾಲನಗರಕ್ಕೆ ಇಳಿಯುವಾಗ ಗಾಳಿ ಮತ್ತೆ ಬಿಸಿಯಾಗಿ ಮೋಡವೇ ಕರಗ್ತದೆ. ಒಂದೇ ದಿನ ಮಡಿಕೇರಿಯಲ್ಲಿ ಸ್ವೆಟರ್ ಹಾಕಿ ಹೊರಟವರು ಅಲ್ಲಿ ಬಿಸಿಲಲ್ಲಿ ಇಳಿಯೋದು ಇದಕ್ಕೇ.

ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತಿಂಗಳು) ಒಂದು ವಾರ ಬಿಡದೆ ಹೊಯ್ಯುತ್ತೆ, ಮತ್ತೆ ಹತ್ತು ದಿನ ಬಿಸಿಲು. ಇದೂ ಸಮುದ್ರದ್ದೇ ಆಟವಾ?

ಬಹುಪಾಲು ಹೌದು. ಮುಂಗಾರು ಅಂದ್ರೆ ಒಂದೇ ಸಮ ಸುರಿಯೋ ನಲ್ಲಿ ಅಲ್ಲ. ಗುಜರಾತಿಂದ ಕೇರಳದವರೆಗೆ ಕರಾವಳಿಗೆ ಸಮವಾಗಿ ಸಮುದ್ರದ ಮೇಲೆ ಒಂದು ಕಮ್ಮಿ ಒತ್ತಡದ ಪಟ್ಟಿ ಆಗಾಗ ಎದ್ದು ನಿಲ್ತದೆ, ಹವಾಮಾನ ಇಲಾಖೆಯವರು ಆಫ್‌ಶೋರ್ ಟ್ರಫ್ ಅನ್ನೋದು ಇದಕ್ಕೇ. ಅದು ಗಟ್ಟಿ ಇದ್ದಾಗ ನಮಗೆ ಬಿಡುವಿಲ್ಲ. ಬಂಗಾಳ ಕೊಲ್ಲಿಯ ಉತ್ತರದಲ್ಲಿ ವಾಯುಭಾರ ಕುಸಿತ ಆಗಿ ಒಡಿಶಾ ಕಡೆ ಹೊರಟ್ರೆ ಅದು ಪಶ್ಚಿಮದ ಗಾಳಿಯನ್ನ ಇನ್ನೂ ಜೋರಾಗಿ ಎಳ್ಕೊಳ್ತದೆ, ಅಲ್ಲೆಲ್ಲೋ ಕುಸಿತ ಇಲ್ಲಿ ಶಾಲೆಗೆ ರಜೆ.

ಇದಕ್ಕೂ ದೊಡ್ಡದು ಇನ್ನೊಂದುಂಟು. ಹಿಂದೂ ಮಹಾಸಾಗರದ ಮೇಲೆ ಮೋಡದ ಒಂದು ದೊಡ್ಡ ಗುಂಪು 30ರಿಂದ 60 ದಿನಕ್ಕೊಂದು ಸುತ್ತಿನ ಲೆಕ್ಕದಲ್ಲಿ ಪೂರ್ವಕ್ಕೆ ಸಾಗ್ತಾ ಇರ್ತದೆ. 1971ರಲ್ಲಿ ಇದನ್ನ ಕಂಡುಹಿಡಿದ ಇಬ್ಬರ ಹೆಸರಲ್ಲಿ ಮ್ಯಾಡನ್-ಜೂಲಿಯನ್ ಆಸಿಲೇಷನ್ ಅಂತ ಕರೀತಾರೆ, ಸುದ್ದಿಯಲ್ಲಿ ಎಂಜೆಒ ಅಂತ ಬರೋದು ಅದೇ. ಅದು ನಮ್ಮ ಸಮುದ್ರದ ಮೇಲಿದ್ದಾಗ ಮಳೆಗೆ ಬಲ, ಪೆಸಿಫಿಕ್ ಕಡೆ ದಾಟಿದ್ರೆ ಬಿಡುವು. ಆರಿದ್ರಾ, ಪುನರ್ವಸು, ಪುಷ್ಯ ಅಂತ ಹಿರಿಯರು ಮಳೆಯನ್ನ ಕಂತು ಕಂತಾಗಿ ಎಣಿಸಿದ್ದು ಸುಮ್ಮನೆ ಅಲ್ಲ, ಮಳೆ ಬರೋದೇ ಕಂತಲ್ಲಿ. ನಕ್ಷತ್ರಕ್ಕೆ ತಾರೀಖು ಫಿಕ್ಸು, ಸಮುದ್ರದ ಕಂತಿಗೆ ಮಾತ್ರ ತಾರೀಖು ಫಿಕ್ಸಿಲ್ಲ, ಅಷ್ಟೇ ವ್ಯತ್ಯಾಸ.

ಮಾರ್ಚ್‌ನ ಹೂಮಳೆಗೂ (ಕಾಫಿ ಹೂ ಅರಳಿಸೋ ಮಳೆ) ಇದೇ ಲೆಕ್ಕವಾ?

ಇಲ್ಲ, ಅದು ಬೇರೆ ಜಾತಿ. ಆಗ ಸೋಮಾಲಿ ಜೆಟ್ ಹುಟ್ಟಿರೋದೇ ಇಲ್ಲ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ತೇವದ ಗಾಳಿ ಒಳನಾಡಲ್ಲಿ ಎದುರುಬದುರಾಗ್ತದೆ, ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳ್ತದೆ, ಸಂಜೆ ಗುಡುಗು ಸಿಡಿಲು ಆಲಿಕಲ್ಲು. ಮೋಡ ಸಣ್ಣದಾದ್ರಿಂದ ನಿಮ್ಮ ತೋಟಕ್ಕೆ ಒಂದು ಇಂಚು ಬಿದ್ರೆ ಬೇಲಿ ಆಚೆಯವನಿಗೆ ಹತ್ತು ಸೆಂಟು. ಹಾಗಾಗಿ ಹೂಮಳೆ ಬಗ್ಗೆ ತಿಂಗಳ ಮುಂಚೆ ಯಾರಾದ್ರೂ ಊರು, ತಾರೀಖು ಹಿಡಿದು ಹೇಳಿದ್ರೆ ನಕ್ಕು ಸುಮ್ಮನಾಗಿ, ಸ್ಪ್ರಿಂಕ್ಲರ್ ಪೈಪ್ ರೆಡಿ ಇಟ್ಕೊಳ್ಳಿ.

ಎಲ್ ನಿನೋ ಬಂದ್ರೆ ಬರ ಗ್ಯಾರಂಟಿ ಅಲ್ವಾ?

ಅತಿ ಹೆಚ್ಚು ಕೇಳೋ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ತಿಳಿದಿರೋದೂ ಇದೇ.

ಪೆಸಿಫಿಕ್ ಸಾಗರದಲ್ಲಿ ಮಾಮೂಲಿ ವರ್ಷ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸ್ತದೆ, ಬಿಸಿ ನೀರನ್ನ ಇಂಡೋನೇಷ್ಯಾ ಕಡೆ ತಳ್ಳಿ ಗುಡ್ಡೆ ಹಾಕ್ತದೆ, ಅತ್ತ ಪೆರು ಕರಾವಳಿಯಲ್ಲಿ ತಳದ ತಣ್ಣೀರು ಮೇಲೆ ಬರ್ತದೆ. ಕೆಲವು ವರ್ಷಕ್ಕೊಮ್ಮೆ ಆ ಗಾಳಿ ಸೋತುಬಿಡ್ತದೆ, ಬಿಸಿ ನೀರು ವಾಪಸ್ ಪೂರ್ವಕ್ಕೆ ಹರಡ್ತದೆ, ಅದೇ ಎಲ್ ನಿನೋ. ನೀರು ಎಲ್ಲಿ ಬಿಸಿಯೋ ಅಲ್ಲಿ ಗಾಳಿ ಮೇಲೇಳ್ತದೆ, ಮೇಲೆದ್ದದ್ದು ಇನ್ನೊಂದು ಕಡೆ ಇಳೀಲೇಬೇಕು, ಇಳಿಯೋ ಜಾಗದಲ್ಲಿ ಮೋಡ ಕಟ್ಟಲ್ಲ. ಎಲ್ ನಿನೋ ವರ್ಷ ಆ ಇಳಿಯೋ ಜಾಗ ನಮ್ಮ ಕಡೆ ಸರಿಯೋ ಸಾಧ್ಯತೆ ಜಾಸ್ತಿ. ಪೆಸಿಫಿಕ್‌ನ ಎರಡು ಬದಿಯ ಒತ್ತಡ ಒಂದು ಏರಿದ್ರೆ ಇನ್ನೊಂದು ಇಳೀತದೆ ಅನ್ನೋ ಸಂಗತಿಯನ್ನ ದಾಖಲೆ ರಾಶಿಯಿಂದ ಹೆಕ್ಕಿ ತೆಗೆದವರು ಗಿಲ್ಬರ್ಟ್ ವಾಕರ್, ನಮ್ಮ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ 1904ರಿಂದ 1924ರ ತನಕ ಇದ್ದವರು. ಅವರು ಹುಡುಕ್ತಾ ಇದ್ದದ್ದು ಮುಂಗಾರು ಯಾವ ವರ್ಷ ಕೈಕೊಡ್ತದೆ ಅಂತ, ಸಿಕ್ಕಿದ್ದು ಅರ್ಧ ಭೂಮಿಯ ಹವಾಮಾನದ ಬೀಗದ ಕೈ.

ಈಗ ಲೆಕ್ಕ ನೋಡಿ. 2002, 2009 ಎಲ್ ನಿನೋ, ದೇಶಕ್ಕೆ ಬರ. ಸರಿ. 1997ರಲ್ಲಿ ಆ ಶತಮಾನದ ಭಾರೀ ಎಲ್ ನಿನೋಗಳಲ್ಲಿ ಒಂದು, ಎಲ್ಲರೂ ಹೆದರಿ ಕೂತಿದ್ರು, ಮಳೆ ಬಂತು ಸರಾಸರಿಗಿಂತ ಚೂರು ಜಾಸ್ತಿಯೇ! ಯಾಕೆ ಅಂತ ತಲೆ ಕೆರ್ಕೊಂಡಾಗ ಸಿಕ್ಕಿದ್ದು ನಮ್ಮದೇ ಮಹಾಸಾಗರದ ಆಟ, 1999ರಲ್ಲಿ ಇದಕ್ಕೆ ಇಂಡಿಯನ್ ಓಷನ್ ಡೈಪೋಲ್ ಅಂತ ಹೆಸರಿಟ್ರು. ಆಫ್ರಿಕಾ ಬದಿಯ ನೀರು ಬಿಸಿಯಾಗಿ ಸುಮಾತ್ರಾ ಬದಿ ತಣ್ಣಗಾದ್ರೆ ಪಾಸಿಟಿವ್, ನಮ್ಮ ಮುಂಗಾರಿಗೆ ಸಾಮಾನ್ಯವಾಗಿ ಒಳ್ಳೇದು, ಉಲ್ಟಾ ಆದ್ರೆ ನೆಗೆಟಿವ್. 1997ರಲ್ಲಿ ಜೋರು ಪಾಸಿಟಿವ್ ಇತ್ತು. 2019ರಲ್ಲೂ ಹಾಗೇ, ಜೂನಲ್ಲಿ ಮಳೆ ಕೈಕೊಟ್ಟು ಎಲ್ಲ ಮುಗೀತು ಅಂದ್ಕೊಂಡ್ರೆ ಕೊನೆಗೆ ದೇಶದ ಮಳೆ ಸರಾಸರಿಯ 110% ಆಯ್ತು. ಸರಿ ಹಾಗಾದ್ರೆ ಡೈಪೋಲ್ ನೋಡಿದ್ರೆ ಸಾಕು ಅಂತೀರಾ, 2023ರಲ್ಲಿ ಎಲ್ ನಿನೋ ಜೊತೆ ಪಾಸಿಟಿವ್ ಡೈಪೋಲೂ ಇತ್ತು, ಆದ್ರೂ ಆ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್.

ನನ್ನ ಮಾತು ಇಷ್ಟೇ, ಎಲ್ ನಿನೋ ಅನ್ನೋ ಒಂದು ಪದ ಕೇಳಿ ಮೆಣಸು ಬಳ್ಳಿ ಹಾಕೋದನ್ನ ನಿಲ್ಲಿಸೋದು, ಇಲ್ಲ ಲಾ ನಿನಾ (ಎಲ್ ನಿನೋದ ಉಲ್ಟಾ) ಅಂತ ಕೇಳಿ ಬೀಗೋದು ಎರಡೂ ಕೆಲಸಕ್ಕೆ ಬಾರದ್ದು. ಅದು ಇಡೀ ದೇಶದ ಸರಾಸರಿ ಲೆಕ್ಕ, ಕೊಡಗಿನದ್ದಲ್ಲ. 2018 ಮರೆತಿಲ್ಲ ಅಲ್ವಾ? ಆ ವರ್ಷ ಮುಂಗಾರಲ್ಲಿ ದೇಶಕ್ಕೆ ಬಂದದ್ದು ಸರಾಸರಿಯ 91% ಮಾತ್ರ, ಆಗಸ್ಟಲ್ಲಿ ಪೆಸಿಫಿಕ್ ಕೂಡ ಎಲ್ ನಿನೋನೂ ಇಲ್ಲ ಲಾ ನಿನಾನೂ ಇಲ್ಲದ ತಟಸ್ಥ ಸ್ಥಿತಿ. ಪೇಪರ್ ಲೆಕ್ಕದಲ್ಲಿ ಕಮ್ಮಿ ಮಳೆಯ ವರ್ಷ. ನಮ್ಮ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಇಳಿದದ್ದು ಅದೇ ಆಗಸ್ಟಲ್ಲಿ.

ಸಮುದ್ರ ಬಿಸಿ ಆಗ್ತಾ ಇದೆ ಅಂದ್ರೆ ನಮಗೆ ಮಳೆ ಜಾಸ್ತಿಯಾ ಕಮ್ಮಿಯಾ?

ಒಂದೇ ಮಾತಲ್ಲಿ ಹೇಳೋಕಾಗಲ್ಲ. ನಾವು ಸುಟ್ಟ ಇಂಧನದಿಂದ ಭೂಮಿಗೆ ಬಂದ ಹೆಚ್ಚುವರಿ ಶಾಖದಲ್ಲಿ 90%ಕ್ಕೂ ಹೆಚ್ಚು ಸಮುದ್ರದ ಹೊಟ್ಟೆಗೇ ಹೋಗಿದೆ, ಅದಿಲ್ಲದಿದ್ರೆ ನೆಲದ ಮೇಲೆ ಬದುಕೋದೇ ಕಷ್ಟ ಇತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 7% ಹೆಚ್ಚು ಆವಿ ಹಿಡ್ಕೊಳ್ಳಬಲ್ಲದು. ಹಾಗಂತ ಮಳೆ ದಿನಗಳು ಜಾಸ್ತಿ ಆಗ್ಬೇಕಂತಿಲ್ಲ, ಬಿದ್ದ ದಿನ ಜೋರಾಗಿ ಬೀಳೋದು ಜಾಸ್ತಿ ಆಗ್ತದೆ. ಮೊದಲು ತಿಂಗಳಿಡೀ ಜಿಟಿಜಿಟಿ ಬರ್ತಾ ಇದ್ದದ್ದು ಈಗ ನಾಲ್ಕು ದಿನಕ್ಕೆ ಸುರಿದು ಹೋಗ್ತದೆ ಅಂತ ಹಿರಿಯರು ಹೇಳೋದು ಅಂದಾಜಿನ ಮಾತಲ್ಲ. ಆದ್ರೆ ಗುಡ್ಡ ಜಾರಿದ್ದಕ್ಕೆಲ್ಲ ಸಮುದ್ರವನ್ನೇ ದೂರೋದೂ ಸರಿಯಲ್ಲ. ಇಳಿಜಾರನ್ನ ಜೆಸಿಬಿಯಲ್ಲಿ ನೆಟ್ಟಗೆ ಕಡಿದು, ನೀರು ಹೋಗೋ ತೋಡು ಮುಚ್ಚಿ ಮೇಲೆ ರೆಸಾರ್ಟ್ ಕಟ್ಟಿದ್ದು ಅರಬ್ಬಿ ಸಮುದ್ರ ಅಲ್ಲ.

ಸಮುದ್ರ ಶಾಖ ಮಾತ್ರ ಅಲ್ಲ, ನಾವು ಬಿಡೋ ಕಾರ್ಬನ್ ಡೈಆಕ್ಸೈಡಲ್ಲೂ ಸುಮಾರು ಕಾಲು ಭಾಗ ನುಂಗ್ತದೆ. ಅದರ ಬೆಲೆ ಅಂದ್ರೆ ನೀರಿನ ಪಿಎಚ್ ಕೈಗಾರಿಕೆ ಶುರುವಾಗೋ ಮೊದಲು ಇದ್ದ 8.2ರಿಂದ ಈಗ 8.1ರ ಹತ್ರ ಇಳಿದಿದೆ. ಸಣ್ಣದಾಗಿ ಕಾಣ್ತದೆ, ತೋಟದ ಮಣ್ಣಿಗೆ ಸುಣ್ಣ ಹಾಕೋ ನಮಗೆ ಪಿಎಚ್ ಇಳಿಯೋದು ಅಂದ್ರೆ ಎಂತ ಅಂತ ಹೇಳ್ಬೇಕಾ. ಸಮುದ್ರದ ನೀರು ಈಗಲೂ ಹುಳಿ ಅಲ್ಲ, ಆದ್ರೆ ಆ ಕಡೆ ಸರೀತಾ ಇದೆ, ಚಿಪ್ಪು ಕಟ್ಟೋ ಜೀವಿಗಳಿಗೂ ಹವಳಕ್ಕೂ ಸುಣ್ಣ ಸಿಗೋದು ಕಷ್ಟ ಆಗ್ತದೆ.

ಸೈಕ್ಲೋನ್ ಚೆನ್ನೈಗೆ, ನಮ್ಮ ಕಣದಲ್ಲಿ ಕಾಫಿ ಯಾಕೆ ಒದ್ದೆ?

ಸೈಕ್ಲೋನ್ ಹುಟ್ಟೋಕೆ ಮೇಲಿನ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ದಾಟಿರ್ಬೇಕು. ಬಂಗಾಳ ಕೊಲ್ಲಿಯ ಆ ಸಪ್ಪೆ ಪದರ ಹಗುರ, ಕೆಳಗಿನ ತಣ್ಣಗಿನ ಉಪ್ಪು ನೀರಿನ ಜೊತೆ ಬೆರೆಯಲ್ಲ, ಮೇಲೇ ಕೂತು ಕಾಯ್ತಾ ಇರ್ತದೆ. ಅಲ್ಲಿ ಸೈಕ್ಲೋನ್ ಹೆಚ್ಚು ಹುಟ್ಟೋದಕ್ಕೆ ಇದೂ ಒಂದು ಕಾರಣ, ಹಳೇ ಲೆಕ್ಕದಲ್ಲಿ ಅರಬ್ಬಿ ಸಮುದ್ರಕ್ಕೆ ಒಂದಾದ್ರೆ ಬಂಗಾಳ ಕೊಲ್ಲಿಗೆ ನಾಲ್ಕು. ನೆಲ ಮುಟ್ಟಿದ ಮೇಲೆ ಬಿಸಿ ನೀರಿನ ಸಪ್ಲೈ ನಿಂತು ಸೈಕ್ಲೋನ್ ಸಾಯ್ತದೆ, ಆದ್ರೆ ತೇವ ಅಲ್ಲಿಗೇ ಮುಗಿಯಲ್ಲ, ಉಳಿಕೆ ಪಶ್ಚಿಮಕ್ಕೆ ತೆವಳಿ ನಮ್ಮ ಮೇಲೆ ದಾಟಿ ಅರಬ್ಬಿ ಸಮುದ್ರಕ್ಕೆ ಹೋಗ್ತದೆ. 2024ರ ನವೆಂಬರ್ ಕೊನೆಗೆ ಪುದುಚೇರಿ ಹತ್ರ ದಡ ಸೇರಿದ ಫೆಂಗಲ್ ಹೀಗೇ ಮಾಡಿದ್ದು, ಡಿಸೆಂಬರ್ ಮೊದಲ ವಾರ ಅರೇಬಿಕಾ ಕುಯ್ಲಿನ ಹೊತ್ತಲ್ಲಿ ಮಳೆ. ಅರಬ್ಬಿ ಸಮುದ್ರವೂ ಈಗ ಮೊದಲಿನ ಹಾಗೆ ಸೌಮ್ಯ ಅಲ್ಲ, 2021ರ ಮೇಯಲ್ಲಿ ತೌಕ್ತೆ, 2023ರ ಜೂನಲ್ಲಿ ಬಿಪರ್‌ಜಾಯ್ ನೋಡಿದೀವಿ. ಬಿಪರ್‌ಜಾಯ್ ತರದ್ದು ಮುಂಗಾರು ಬರೋ ಹೊತ್ತಿಗೆ ಸರಿಯಾಗಿ ಎದ್ದುಬಿಟ್ರೆ ತೇವ ಎಲ್ಲ ತನ್ನ ಕಡೆ ಎಳ್ಕೊಂಡು ನಮಗೆ ಮಳೆ ತಡ ಆಗೋದೂ ಉಂಟು.

ಮಳೆಗಾಲದಲ್ಲಿ ಮತ್ತಿ (ಬೂತಾಯಿ ಮೀನು) ಸಿಗಲ್ಲ, ಆಮೇಲೆ ಒಂದೇ ಸಲ ರಾಶಿ. ಎಂತಕ್ಕೆ?

ಒಂದು, ಕಾನೂನು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಇಳಿಯೋ ಹಾಗಿಲ್ಲ, ಕೇರಳದಲ್ಲಿ ಟ್ರಾಲಿಂಗ್‌ಗೆ 52 ದಿನ ನಿಷೇಧ. ಮಂಗಳೂರಿಂದಲೂ ತಲಶ್ಶೇರಿಯಿಂದಲೂ ಬರೋ ಗಾಡಿ ಕಮ್ಮಿ ಆಗ್ತದೆ, ನಾವು ಅಟ್ಟದ ಒಣಮೀನು ಇಳಿಸ್ತೀವಿ.

ಇನ್ನೊಂದು ಕಾರಣ ಇದಕ್ಕಿಂತ ಸ್ವಾರಸ್ಯ. ಮುಂಗಾರು ಗಾಳಿ ಕರಾವಳಿ ಉದ್ದಕ್ಕೂ ಬೀಸುವಾಗ ಭೂಮಿಯ ತಿರುಗಾಟದಿಂದ ಮೇಲಿನ ನೀರು ದಡ ಬಿಟ್ಟು ಆಚೆ ಸರೀತದೆ, ಖಾಲಿ ಆದ ಜಾಗಕ್ಕೆ ತಳದಿಂದ ತಣ್ಣಗಿನ ನೀರು ಏರ್ತದೆ. ತಳದ ನೀರಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಿರ್ತದೆ, ಸತ್ತು ಬಿದ್ದ ಎಲ್ಲದರ ಗೊಬ್ಬರ ಅಲ್ಲಿ ಶೇಖರ ಆಗಿರೋದು. ಅದು ಬೆಳಕಿರೋ ಜಾಗಕ್ಕೆ ಬಂದದ್ದೇ ತಡ ಕಣ್ಣಿಗೆ ಕಾಣದ ಪಾಚಿಗಳು ಹಬ್ಬ ಮಾಡ್ತವೆ, ಮತ್ತಿ ಅದನ್ನ ನೇರ ತಿಂದು ಕೊಬ್ಬುತ್ತದೆ, ಬಂಗುಡೆಯೂ ಅಷ್ಟೆ. ಮತ್ತಿ ಮೊಟ್ಟೆ ಇಡೋದೂ ಇದೇ ಮಳೆಗಾಲದಲ್ಲಿ, ನಿಷೇಧದಲ್ಲಿ ಅರ್ಥ ಉಂಟು. ಹೀಗೆ ನಮ್ಮ ಗದ್ದೆಯಲ್ಲಿ ನಾಟಿ ನಡೀತಾ ಇರುವಾಗಲೇ ಸಮುದ್ರದಲ್ಲೂ ಬೆಳೆ ಏಳ್ತದೆ, ಎರಡಕ್ಕೂ ಗಾಳಿ ಒಂದೇ.

ಆದ್ರೆ ತಳದ ನೀರಿಗೆ ಇನ್ನೊಂದು ಮುಖ ಉಂಟು, ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ಆಳದ ನಡುವೆ ಆಮ್ಲಜನಕ ತೀರಾ ಕಮ್ಮಿ ಇರೋ ದೊಡ್ಡ ಪದರ ಇದೆ, ಅದು ಮೇಲೆ ಬಂದ್ರೆ ಮೀನು ಜಾಗ ಬಿಡ್ತದೆ. ಜೊತೆಗೆ ಬಿಸಿ ವರ್ಷಗಳ ಪೆಟ್ಟು. 2012ರಲ್ಲಿ ಕೇರಳದಲ್ಲಿ 4 ಲಕ್ಷ ಟನ್ ಹತ್ರ ಸಿಕ್ಕಿದ್ದ ಮತ್ತಿ 2021ರಲ್ಲಿ 4 ಸಾವಿರ ಟನ್ನೂ ಸಿಗ್ಲಿಲ್ಲ. ಬಡವರ ಮೀನು ಅಂತ ಹೇಳ್ತಾ ಇದ್ದದ್ದಕ್ಕೆ ಆಮೇಲೆ ಕೋಳಿಯ ರೇಟು ಬಂತು.

ನಾವು ಉಸಿರಾಡೋ ಆಕ್ಸಿಜನ್ ಅರ್ಧ ಸಮುದ್ರದ್ದಂತೆ, ಹಾಗಾದ್ರೆ ಕಾಡು ಕಡಿದ್ರೆ ಪರ್ವಾಗಿಲ್ವಾ?

ಅರ್ಧ ಹೌದು, ಆದ್ರೆ ಉತ್ಪತ್ತಿಯಲ್ಲಿ ಅರ್ಧ. ಸಮುದ್ರದ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಸೇರಿ ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಹತ್ರ ಹತ್ರ ಅರ್ಧ ಮಾಡ್ತವೆ. ಅಲ್ಲೇ ಇರೋ ಜೀವಿಗಳು ಅದನ್ನ ಬಹುತೇಕ ಪೂರ್ತಿ ವಾಪಸ್ ಉಸಿರಾಡಿಬಿಡ್ತವೆ, ಕಾಡೂ ಹಾಗೇ. ಗಾಳಿಯಲ್ಲಿರೋ 21% ಆಕ್ಸಿಜನ್ ಕೋಟಿಗಟ್ಟಲೆ ವರ್ಷದ ಉಳಿತಾಯ, ಅದನ್ನ ಮೊದಲು ಶುರು ಮಾಡಿದ್ದು ಸುಮಾರು 240 ಕೋಟಿ ವರ್ಷ ಹಿಂದಿನ ಸಮುದ್ರದ ನೀಲಿ-ಹಸಿರು ಬ್ಯಾಕ್ಟೀರಿಯಾ. ಕಾಡು ಬೇಕಾಗಿರೋದು ಬೇರೆ ಕಾರಣಕ್ಕೆ, ಸುರಿದ 200 ಇಂಚನ್ನ ಹಿಡಿದು ಏಪ್ರಿಲ್ ತನಕ ನಿಧಾನ ಬಿಡೋಕೆ ಸಮುದ್ರಕ್ಕೆ ಬರಲ್ಲ.

ಆಳದಲ್ಲಿ ನೀರು ಸುಮ್ಮನೆ ನಿಂತಿರ್ತದಾ?

ನಿಂತಿರಲ್ಲ, ಆದ್ರೆ ಅವಸರವೂ ಇಲ್ಲ. ಆಳ ಎಷ್ಟು ಅಂದ್ರೆ ನಮ್ಮ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್, ಅಂಥ ಎರಡನ್ನ ಒಂದರ ಮೇಲೊಂದು ನಿಲ್ಲಿಸಿದ್ರೂ ಸಮುದ್ರದ ಸರಾಸರಿ ಆಳ 3,700 ಮೀಟರ್ ತುಂಬಲ್ಲ. ಗ್ರೀನ್‌ಲ್ಯಾಂಡ್ ಸುತ್ತ, ಅಂಟಾರ್ಕ್ಟಿಕಾ ಸುತ್ತ ನೀರು ಕೊರೆಯುವಷ್ಟು ತಣ್ಣಗಾಗ್ತದೆ, ನೀರು ಹೆಪ್ಪುಗಟ್ಟುವಾಗ ಉಪ್ಪು ಹೊರಗೆ ಉಳಿದು ಸುತ್ತಲಿನ ನೀರು ಇನ್ನೂ ಭಾರ ಆಗ್ತದೆ, ತಳಕ್ಕೆ ಮುಳುಗಿ ಎಲ್ಲ ಸಾಗರಗಳ ಅಡಿಯಲ್ಲಿ ತೆವಳ್ತಾ ಹೋಗ್ತದೆ. ಹೀಗೆ ಮುಳುಗಿದ ನೀರು ಸುತ್ತು ಹಾಕಿ ಮತ್ತೆ ಬಿಸಿಲು ಕಾಣೋಕೆ ಸಾವಿರ ವರ್ಷದ ಲೆಕ್ಕ ಹೇಳ್ತಾರೆ.

ಕೊಡಗು ಹಿಂದೆ ಸಮುದ್ರದ ಅಡಿ ಇತ್ತಂತೆ, ನಿಜವಾ?

ಹಿಮಾಲಯಕ್ಕೆ ಈ ಮಾತು ಒಪ್ತದೆ, ಪೂಜೆ ಕೋಣೆಯ ಸಾಲಿಗ್ರಾಮ ಗಂಡಕಿ ನದಿಯಲ್ಲಿ ಸಿಗೋ ಹಳೇ ಸಮುದ್ರಜೀವಿಯ ಪಳೆಯುಳಿಕೆ. ಕೊಡಗಿನ ಬಂಡೆಗಳದ್ದು ಬೇರೆ ಜಾತಕ, 300 ಕೋಟಿ ವರ್ಷಕ್ಕೂ ಹಳೇ ಕಲ್ಲು ಇಲ್ಲಿದೆ, ಆದ್ರೆ ಇವತ್ತಿನ ಮಹಾಸಾಗರಗಳ ತಳದ ಕಲ್ಲು ಹೆಚ್ಚುಕಮ್ಮಿ ಎಲ್ಲ 20 ಕೋಟಿ ವರ್ಷದ ಒಳಗಿನದ್ದು. ಸಮುದ್ರದ ತಳ ಹೊಸದಾಗಿ ಹುಟ್ತಾ ಹಳೇದು ಭೂಮಿಯೊಳಗೆ ಮುಳುಗ್ತಾ ಇರ್ತದೆ. ನಮ್ಮ ಬೆಟ್ಟಗಳ ಪಶ್ಚಿಮಕ್ಕೆ ಸಮುದ್ರ ಬರೋಕೆ ದಾರಿ ಆದದ್ದೇ ಸುಮಾರು 9 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮಿಂದ ಕಿತ್ತುಕೊಂಡು ಹೋದಾಗ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬ ಕಲ್ಲು ನೋಡಿದೀರಲ್ವಾ, ಆ ಲಾವಾ ಅದೇ ಕಾಲದ್ದು.

ಕಣ್ಣೂರು ಕಡೆ ಬೀಚಿಗೆ ಹೋಗ್ತೀವಿ. ಮಳೆ ಗಾಳಿ ಏನೂ ಇಲ್ಲದಿದ್ರೆ ನೀರಿಗಿಳಿಯಬಹುದಾ?

ಮುಳಪ್ಪಿಲಂಗಾಡ್, ಪಯ್ಯಾಂಬಲಂಗೆ ಹೋಗೋರು ಇದನ್ನ ಓದ್ಲೇಬೇಕು. ಅಲೆ ಎಬ್ಬಿಸೋ ಗಾಳಿ ಅಲ್ಲೇ ಬೀಸ್ಬೇಕಂತಿಲ್ಲ. ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನ ಬಿಟ್ಟು ಇಲ್ಲಿ ಬಂದು ಅಪ್ಪಳಿಸ್ತದೆ, ಆಕಾಶ ಶುಭ್ರ, ಗಾಳಿ ಇಲ್ಲ, ಆದ್ರೆ ಸಮುದ್ರ ರಸ್ತೆಗೆ ಬಂದಿರ್ತದೆ. ಮಲಯಾಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಅಂತಾರೆ, ಈಗ ವಿಜ್ಞಾನಿಗಳೂ ಅದೇ ಹೆಸರು ಬಳಸ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ (ಸಮುದ್ರದ ಮಾಹಿತಿ ಕೊಡೋ ಸರಕಾರಿ ಕೇಂದ್ರ) ಮೊದಲೇ ಎಚ್ಚರಿಕೆ ಕೊಡ್ತದೆ. ಇದು ಹೆಚ್ಚಾಗಿ ಏಪ್ರಿಲ್-ಮೇಯಲ್ಲಿ, ನಮ್ಮ ಮಕ್ಕಳ ರಜೆ ಹೊತ್ತಲ್ಲೇ. ನಮ್ಮ ಹುಡುಗರು ಹೊಳೆಯಲ್ಲಿ ಈಜು ಕಲಿತು ಸಮುದ್ರಾನೂ ಗೊತ್ತು ಅಂದ್ಕೊಳ್ತಾರೆ. ಹೊರಗೆಳೆಯೋ ಸೆಳೆತಕ್ಕೆ ಸಿಕ್ಕಿದ್ರೆ ದಡದ ಕಡೆ ನೇರ ಈಜಿ ಸುಸ್ತಾಗ್ಬೇಡಿ, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬನ್ನಿ, ಆಮೇಲೆ ದಡಕ್ಕೆ. ಕೆಂಪು ಬಾವುಟ ಇದ್ರೆ ಮಾತೇ ಇಲ್ಲ, ವಾಪಸ್.

ಅಮಾವಾಸ್ಯೆ ಹುಣ್ಣಿಮೆಗೆ ಕೆರೆಯಲ್ಲೂ ಉಬ್ಬರ ಬರ್ತದಾ?

ಇಲ್ಲ. ಚಂದ್ರ ಭೂಮಿಯ ಹತ್ತಿರದ ಬದಿಯನ್ನೂ ದೂರದ ಬದಿಯನ್ನೂ ಎಳೆಯೋದರಲ್ಲಿ ಇರೋ ಸಣ್ಣ ವ್ಯತ್ಯಾಸದಿಂದ ಉಬ್ಬರ, ಅದಕ್ಕೆ ಸಾವಿರಾರು ಕಿಲೋಮೀಟರ್ ನೀರು ಬೇಕು. ಅಮಾವಾಸ್ಯೆ ಹುಣ್ಣಿಮೆಗೆ ಸೂರ್ಯನೂ ಒಂದೇ ಸಾಲಲ್ಲಿ ಸೇರೋದ್ರಿಂದ ಉಬ್ಬರ ಜೋರು. ಸುನಾಮಿ ಬೇರೆಯೇ, ಅದು ತಳದ ಭೂಕಂಪದ್ದು, 1,150 ಮೀಟರ್ ಎತ್ತರದ ಮಡಿಕೇರಿಗೆ ಅದರ ಚಿಂತೆ ಬೇಡ.

ಕಾವೇರಿ ನೀರು ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತದೆ ಅಂತಾರಲ್ಲ?

ಈ ಮಾತು ಕೇಳಿದಾಗೆಲ್ಲ ನನಗೆ ಸ್ವಲ್ಪ ಸಿಟ್ಟು ಬರ್ತದೆ. ಹೊಳೆ ಸಮುದ್ರಕ್ಕೆ ನೀರು ಮಾತ್ರ ಒಯ್ಯಲ್ಲ, ಮರಳು, ಹೂಳು, ಸಿಲಿಕಾ, ಗೊಬ್ಬರ ಒಯ್ತದೆ. ತಂಜಾವೂರಿನ ಭತ್ತದ ಬಯಲು ಕಾವೇರಿ ತಂದು ಹಾಕಿದ ಮಣ್ಣಿಂದಲೇ ಆದದ್ದು, ಅದರಲ್ಲಿ ನಮ್ಮ ಗುಡ್ಡದ ಪಾಲೂ ಉಂಟು. ಹೂಳು ಅಣೆಕಟ್ಟುಗಳಲ್ಲೇ ನಿಂತ್ರೆ ನದೀಮುಖದ ದಡವನ್ನ ಅಲೆ ತಿನ್ನುತ್ತದೆ, ಉಪ್ಪು ನೀರು ಒಳಗೆ ನುಗ್ಗಿ ಬಾವಿ ಕೆಡ್ತದೆ. ಗಾಜಿನ ಚಿಪ್ಪಿರೋ ಡಯಾಟಂ ಪಾಚಿಗಳಿಗೆ ಸಿಲಿಕಾ ಹೊಳೆಯಿಂದ ಬರ್ಬೇಕು, ಪಿಚ್ಚಾವರಂ ಅಂಥ ಕಾಂಡ್ಲಾ ಕಾಡಿಗೆ ಸಿಹಿನೀರು ಬೇಕು, ಸಿಗಡಿ ಮರಿ ಬೆಳೆಯೋದು ಅಲ್ಲೇ. ಎಷ್ಟು ನೀರು ಯಾರಿಗೆ ಅನ್ನೋ ಜಗಳ ಬೇರೆ, ಅದನ್ನ ಇಲ್ಲಿ ಎಳೆಯಲ್ಲ, ಆದ್ರೆ ಸಮುದ್ರಕ್ಕೂ ಒಂದು ಪಾಲು ಉಂಟು ಅನ್ನೋದು ಲೆಕ್ಕದಲ್ಲಿರ್ಲಿ. ಕುಶಾಲನಗರ ಸೇತುವೆ ಕೆಳಗೆ ನಾವು ಎಸೆಯೋ ಪ್ಲಾಸ್ಟಿಕ್ ಮಾತ್ರ ಆ ಪಾಲಲ್ಲಿ ಸೇರಿದ್ದಲ್ಲ.

ಸರಿ, ಇದನ್ನೆಲ್ಲ ಎಲ್ಲಿ ನೋಡೋದು? ದಿನಾ ಫಾರ್ವರ್ಡ್ ಮೆಸೇಜ್ ನಂಬೋಕಾಗಲ್ಲ.

ಹವಾಮಾನ ಇಲಾಖೆಯ ಮುಂಗಾರು ಅಂದಾಜು ಏಪ್ರಿಲಲ್ಲಿ ಒಮ್ಮೆ, ಮೇ ಕೊನೆಗೆ ಇನ್ನೊಮ್ಮೆ ಬರ್ತದೆ, ಎಲ್ ನಿನೋ, ಡೈಪೋಲ್ ವಿಷಯ ಅದರಲ್ಲೇ ಇರ್ತದೆ. ಅದಕ್ಕಿಂತ ತೋಟಕ್ಕೆ ಉಪಯೋಗ ಆಗೋದು ಪ್ರತಿ ಗುರುವಾರ ಬರೋ ಮುಂದಿನ ನಾಲ್ಕು ವಾರದ ಮುನ್ಸೂಚನೆ, ಗೊಬ್ಬರ ಹಾಕೋದು ಸ್ಪ್ರೇ ಹೊಡೆಯೋದು ಅದನ್ನ ನೋಡಿ ಇಟ್ಕೊಳ್ಳಿ. ದಿನದ ಬುಲೆಟಿನಲ್ಲಿ ಕರ್ನಾಟಕ-ಕೇರಳ ಕರಾವಳಿಯಲ್ಲಿ ಆಫ್‌ಶೋರ್ ಟ್ರಫ್ ಅಂತ ಎರಡು-ಮೂರು ದಿನ ಒಂದೇ ಸಮ ಕಂಡ್ರೆ, ಜೊತೆಗೆ ಬಂಗಾಳ ಕೊಲ್ಲಿಯಲ್ಲಿ ಕುಸಿತ ಅಂತಲೂ ಇದ್ರೆ, ಇಳಿಜಾರಲ್ಲಿ ಮನೆ ಇರೋರು ಬಣ್ಣದ ಅಲರ್ಟಿಗೆ ಕಾಯ್ಬೇಡಿ. ಇಲಾಖೆ ಮಿಲಿಮೀಟರಲ್ಲಿ ಹೇಳ್ತದೆ ನಾವು ಇಂಚಲ್ಲಿ ಬರೀತೀವಿ, ಅದಕ್ಕೆ ಎರಡು ಅಂಕಿ ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಕೊಳ್ಳಿ: 24 ಗಂಟೆಯಲ್ಲಿ 64.5 ಮಿಮೀ ಅಂದ್ರೆ ಎರಡೂವರೆ ಇಂಚು, ಭಾರೀ ಮಳೆ ಶುರುವಾಗೋದು ಅಲ್ಲಿಂದ; 204.5 ಮಿಮೀ ಅಂದ್ರೆ ಎಂಟು ಇಂಚು, ಅದು ಅವರ ಪಟ್ಟಿಯ ಕೊನೆ ಮೆಟ್ಟಿಲು.